ಡಿಎನ್‌ಎಗೆ ಪಾಸ್‌ವರ್ಡ್ ಬದಲಿಸೋಕಾಗುತ್ತಾ?

ಹೋದ ತಿಂಗಳು ಡಾಕ್ಟರು ನಮ್ಮ ಅಮ್ಮನಿಗೆ ಒಂದು ಜೆನೆಟಿಕ್ ಟೆಸ್ಟ್ ಬರೆದರು. ಲ್ಯಾಬ್‌ನಲ್ಲಿ ನಾಲ್ಕು ಪುಟದ ಫಾರಂ ಕೊಟ್ಟು, ‘ಇಲ್ಲಿ ಸೈನ್ ಮಾಡಿ ಸರ್’ ಅಂದರು. ಅಮ್ಮನ ಪರವಾಗಿ ಮಾಡಿದೆ. ದಿನಾ ರಾತ್ರಿ ನಿಮಗೆಲ್ಲ ಬುದ್ಧಿ ಹೇಳುವ ನಾನು ಒಂದು ಸಾಲೂ ಓದಲಿಲ್ಲ. ಮನೆಗೆ ಬಂದು ನೋಡಿದರೆ ಮೂರನೇ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು: ಮಾಹಿತಿಯನ್ನು ಕ್ಲೌಡ್‌ನಲ್ಲಿ ಇಡಬಹುದು, ಸಂಶೋಧನೆಗೆ ಬೇರೆಯವರಿಗೂ ಕೊಡಬಹುದು.

ಆ ಸೈನ್ ಅಮ್ಮನೊಬ್ಬರದೇ ಅಲ್ಲ. ನನ್ನ ಡಿಎನ್‌ಎಯಲ್ಲಿ ಅರ್ಧ ಅಮ್ಮನದು, ನನ್ನ ಮಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಅವಳನ್ನು ಯಾರೂ ಕೇಳಲಿಲ್ಲ.

ಸುಮ್ಮನೆ ಹೆದರಿಸುತ್ತಿಲ್ಲ. 2023ರಲ್ಲಿ ಅಮೆರಿಕದ ‘ಟ್ವೆಂಟಿ ತ್ರೀ ಆ್ಯಂಡ್ ಮಿ’ ಕಂಪನಿಯಲ್ಲಿ ಕಳ್ಳರು ನುಗ್ಗಿದ್ದು ಸುಮಾರು 14 ಸಾವಿರ ಖಾತೆಗಳಿಗೆ. ಸೋರಿದ್ದು ಸುಮಾರು 69 ಲಕ್ಷ ಜನರ ಮಾಹಿತಿ! ಸಂಬಂಧಿಕರನ್ನು ಹುಡುಕಿಕೊಡುವ ಸೌಲಭ್ಯವೇ ಕಳ್ಳರಿಗೆ ದಾರಿಯಾಯಿತು. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಗ್ರಾಹಕರ ಡಿಎನ್‌ಎ ಮಾಹಿತಿಯೂ ಮಾರಾಟದ ಆಸ್ತಿಯಾಯಿತು.

‘ಹೆಸರು ತೆಗೆದುಬಿಡ್ತೀವಿ’ ಅಂತಾರೆ. ಸಾಲದು. ಹೆಸರಿಲ್ಲದ ಡಿಎನ್‌ಎಯನ್ನು ಅಂತರ್ಜಾಲದ ವಂಶಾವಳಿಗಳ ಜೊತೆ ಹೋಲಿಸಿ, ಯಾರದೆಂದು ಪತ್ತೆಹಚ್ಚಬಹುದು ಅಂತ ವಿಜ್ಞಾನಿಗಳು 2013ರಲ್ಲೇ ತೋರಿಸಿದ್ದಾರೆ.

ಹಾಗಾದರೆ ಸಂಶೋಧನೆ ಬೇಡವೇ? ಬೇಕು. ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲೇ ಸುಮಾರು 10 ಸಾವಿರ ಭಾರತೀಯರ ಜೀನೋಮ್ ಓದಲಾಗಿದೆ. ಒಬ್ಬರ ಜೀನೋಮ್ ಅಂದರೆ ಸುಮಾರು 300 ಕೋಟಿ ಅಕ್ಷರ. ಇಷ್ಟನ್ನು ಹೋಲಿಸಲು ದೊಡ್ಡ ಕಂಪ್ಯೂಟರ್ ಬೇಕೇ ಬೇಕು. ಆ ಕಂಪ್ಯೂಟರ್ ಬೇರೆಯವರದ್ದಾದರೆ? ಅದಕ್ಕೂ ದಾರಿ ಇದೆ, ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಅಂತ. ಪೆಟ್ಟಿಗೆಗೆ ಬೀಗ ಹಾಕಿಯೇ ಕೊಡುತ್ತೀರಿ. ಕಂಪ್ಯೂಟರ್ ಬೀಗ ತೆಗೆಯದೆ ಲೆಕ್ಕ ಮಾಡುತ್ತದೆ. ಉತ್ತರವೂ ಬೀಗದೊಳಗೇ ಬರುತ್ತದೆ. ಬೀಗದ ಕೈ ನಿಮ್ಮ ಹತ್ತಿರವೇ. ನಿಧಾನ, ಖರ್ಚೂ ಜಾಸ್ತಿ. ಆದರೆ ಸಾಧ್ಯ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ 2023ರ ಡೇಟಾ ಕಾಯ್ದೆ ಡಿಎನ್‌ಎಯನ್ನು ಸೂಕ್ಷ್ಮ ಮಾಹಿತಿ ಅಂತ ಪ್ರತ್ಯೇಕವಾಗಿ ಗುರುತಿಸಿಲ್ಲ. ಫೋನ್ ನಂಬರಿಗೂ ಅದಕ್ಕೂ ಒಂದೇ ತಕ್ಕಡಿ!

ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಡಿಎನ್‌ಎ? ಮರುದಿನ ಲ್ಯಾಬ್‌ಗೆ ಫೋನ್ ಮಾಡಿ, ‘ಸಂಶೋಧನೆಗೆ ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದಾ?’ ಅಂತ ಕೇಳಿದೆ. ‘ಇದುವರೆಗೆ ಯಾರೂ ಕೇಳಿಲ್ಲ ಸರ್’ ಅಂದರು.

ಇನ್ನು ಮೇಲೆ ಕೇಳಿ. ಸೈನ್ ಹಾಕೋ ಮೊದಲೇ ಕೇಳಿ.