ಅವ್ವನ ಕಬ್ಬು, ಆರು ಸಾವಿರ ಅಕ್ಷರದ ವೈರಸ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ತಿಂಗಳು ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಐಟಿಯವರು, ಎಐ ಬಗ್ಗೆ ಏನಾದರೂ ಹೇಳಿ" ಅಂದರು. "ಕಬ್ಬಿನ ಬಗ್ಗೆ ಹೇಳಲೇ?" ಅಂದೆ. ಒಂದು ಕ್ಷಣ ಸುಮ್ಮನಾಗಿ, "ಆಗಲಿ, ಪುಣೆಯಲ್ಲಿ ಕಬ್ಬು ಯಾರಿಗೆ ಬೇಡ" ಎಂದು ನಕ್ಕರು. ನಮ್ಮಲ್ಲಿ ಅರ್ಧ ಜನರ ತವರಿನಲ್ಲಿ ಕಬ್ಬಿದೆ. ಹಾಗಾಗಿ ಧೈರ್ಯ ಮಾಡಿದ್ದೇನೆ.

ನನ್ನ ತವರು ಮುಧೋಳ ತಾಲ್ಲೂಕು. ಅಪ್ಪ ಹೋದ ಮೇಲೆ ನಾಲ್ಕು ಎಕರೆ ಕಬ್ಬನ್ನು ಅವ್ವನೇ ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, "ನೋಡವಾ, ಕಬ್ಬಿಗೆ ಕಾಮಾಲಿ ಆದಂಗ ಆಗೇತಿ" ಅಂದಳು. ಎಲೆ ಮಗುಚಿ ನೋಡಿದೆ. ನಡುನರ ಅಚ್ಚ ಹಳದಿ, ಎರಡೂ ಬದಿಗೆ ಎಲೆ ಇನ್ನೂ ಹಸಿರು. ತುದಿಯಲ್ಲಿ ಗಣ್ಣುಗಳು ಹತ್ತಿರ ಹತ್ತಿರ ಬಂದು ಎಲೆಗಳು ಗೊಂಚಲಾಗಿದ್ದವು. ಗೊಬ್ಬರದ ಅಂಗಡಿಯವರು ಕಬ್ಬಿಣದ ಅಂಶ ಕಡಿಮೆ ಎಂದು ಹೇಳಿ ಎರಡು ಸಲ ಸ್ಪ್ರೇ ಮಾಡಿಸಿದ್ದರು. ದುಡ್ಡು ಹೋಯಿತು, ಹಳದಿ ಹೋಗಲಿಲ್ಲ.

ಇದು ಹಳದಿ ಎಲೆ ರೋಗ. 1989ರಲ್ಲಿ ಹವಾಯಿಯಲ್ಲಿ ಮೊದಲು ಕಣ್ಣಿಗೆ ಬಿತ್ತು. ತೊಂಬತ್ತರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಒಂದು ಜನಪ್ರಿಯ ತಳಿಯ ಇಳುವರಿಯನ್ನು ಅರ್ಧದ ಹತ್ತಿರಕ್ಕೆ ಇಳಿಸಿತು. ಆ ದಶಕದ ಕೊನೆಯ ಹೊತ್ತಿಗೆ ನಮ್ಮ ದೇಶದಲ್ಲೂ ವರದಿಯಾಯಿತು. ಕಬ್ಬಿನ ರಸ ಹೀರುವ ಒಂದು ಬಗೆಯ ಸಸ್ಯಹೇನು ಇದನ್ನು ಹರಡುತ್ತದೆ. 2002ರಲ್ಲಿ ನಮ್ಮ ಕಡೆ ಹೊಲಗಳನ್ನೇ ಬಿಳಿ ಮಾಡಿದ ಉಣ್ಣೆ ಹೇನು ಬೇರೆ, ಇದು ಬೇರೆ. ಜೋಳದ ಮೇಲೂ ಇದು ಕೂರುತ್ತದೆ. ಆದರೆ ಹೇನಿಗಿಂತ ದೊಡ್ಡ ವಾಹಕ ನಾವೇ. ಕಬ್ಬನ್ನು ನಾವು ಕಾಳು ಬಿತ್ತಿ ಬೆಳೆಯುವುದಿಲ್ಲ, ತುಂಡು ಹೂಳುತ್ತೇವೆ. ತಾಯಿ ಕಬ್ಬಿನಲ್ಲಿ ವೈರಸ್ ಇದ್ದರೆ ತುಂಡಿನ ಕಣ್ಣಿನಲ್ಲೂ ಇರುತ್ತದೆ, ಕುಳೆಯಲ್ಲೂ ಇರುತ್ತದೆ.

ಇಲ್ಲಿಂದ ನನ್ನ ಎಂಟೆಕ್ ಕೆಲಸಕ್ಕೆ ಬಂತು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಪ್ರಾಜೆಕ್ಟ್‌ನಲ್ಲಿ ಉದ್ದದ ಅಕ್ಷರಮಾಲೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಪ್ರೋಗ್ರಾಂ ಬರೆದಿದ್ದೆ. ವೈರಸ್‌ಗಳ ಜೀನ್ ಪಠ್ಯ ಜೆನ್‌ಬ್ಯಾಂಕ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದು ರಾತ್ರಿ ಮಗಳು ಮಲಗಿದ ಮೇಲೆ ಇಳಿಸಿಕೊಂಡೆ. ಈ ವೈರಸ್‌ನ ಇಡೀ ಜಾತಕ ಸುಮಾರು 5,900 ಅಕ್ಷರ, ಅದೂ ನಾಲ್ಕೇ ಬಗೆಯ ಅಕ್ಷರ. ದಿನಾ ಬೆಳಗ್ಗೆ ನಮಗೆ ಬರುವ ವಾಟ್ಸಾಪ್ ಶುಭೋದಯದ ಚಿತ್ರ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು! ಇಷ್ಟು ಚಿಕ್ಕದು ಅವ್ವನ ಎರಡು ವರ್ಷದ ದುಡಿಮೆ ತಿಂದಿತ್ತು.

ಇದು ಆರ್‌ಎನ್‌ಎ ವೈರಸ್. ತನ್ನ ನಕಲು ಮಾಡಿಕೊಳ್ಳುವಾಗ ತಿದ್ದುವವರು ಯಾರೂ ಇಲ್ಲ. ಇಂಥ ವೈರಸ್‌ಗಳಲ್ಲಿ ಹತ್ತು ಸಾವಿರದಿಂದ ಹತ್ತು ಲಕ್ಷ ಅಕ್ಷರಕ್ಕೊಂದು ತಪ್ಪು ನುಸುಳುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಒಂದು ಗಿಡದಲ್ಲಿ ಆಗುವ ನಕಲುಗಳ ಲೆಕ್ಕ ನಮ್ಮ ಊಹೆಗೆ ಸಿಗುವುದಿಲ್ಲ. ಬಹಳಷ್ಟು ತಪ್ಪುಗಳು ವೈರಸ್ಸಿಗೇ ಮಾರಕ, ಕೆಲವು ಬದುಕಿಕೊಳ್ಳುತ್ತವೆ. ಹಾಗೆ ಬೇರೆಯಾಗುತ್ತಾ ಹೋದ ಗುಂಪುಗಳಿಗೆ ಸಿಕ್ಕ ಊರಿನ ಹೆಸರನ್ನೇ ಇಟ್ಟರು: ಬ್ರೆಜಿಲ್-ಪೆರು, ಕ್ಯೂಬಾ, ರಿಯೂನಿಯನ್. ಆಮೇಲೆ ಭಾರತದ ಹೆಸರಿನ ಗುಂಪೂ ಸೇರಿತು. ಅವುಗಳ ಸೋಂಕುವ ಶಕ್ತಿ, ರೋಗದ ತೀವ್ರತೆ ಒಂದೇ ಸಮ ಇಲ್ಲ.

ನನಗೆ ಬೆರಗಾಗಿದ್ದು ಇನ್ನೊಂದು. ಈ ವೈರಸ್ ಒಂದೇ ವಂಶದ್ದಲ್ಲ. ಮುಂದಿನ ಭಾಗ ಆಲೂಗಡ್ಡೆಯ ಎಲೆ ಮುರುಟಿಸುವ ವೈರಸ್‌ನ ಬಳಗವನ್ನು ಹೋಲುತ್ತದೆ, ಹೊರಕವಚದ ಭಾಗ ಬಾರ್ಲಿಯನ್ನು ಹಳದಿ ಮಾಡುವ ವೈರಸ್‌ನ ಬಳಗವನ್ನು, ತುದಿಯ ಭಾಗ ಬಟಾಣಿಯ ಒಂದು ವೈರಸ್ಸನ್ನು. ಎಂದೋ ಒಂದೇ ಗಿಡದಲ್ಲಿ ಎರಡು ವೈರಸ್ ಕೂಡಿ, ನಕಲಾಗುವಾಗ ಒಂದರ ತುಂಡು ಇನ್ನೊಂದಕ್ಕೆ ಸೇರಿರಬೇಕು. ನಮ್ಮ ಕಡೆಯ ಅಜ್ಜಿಯರು ಹಳೇ ಸೀರೆಗಳ ತುಂಡು ಸೇರಿಸಿ ಕೌದಿ ಹೊಲೀತಾರಲ್ಲ, ಹಾಗೆ.

ಇದೆಲ್ಲ ಓದುವುದಕ್ಕೆ ಚೆನ್ನ. ಅವ್ವನಿಗೆ ಏನು ಉಪಯೋಗ? ಪರೀಕ್ಷೆಯಲ್ಲಿ ಗೊತ್ತಾಯಿತು. ಎಲೆ ಕಳಿಸಿದ ಮೊದಲ ಲ್ಯಾಬ್‌ನಿಂದ "ವೈರಸ್ ಇಲ್ಲ" ಎಂದು ಬಂತು. ಪಿಸಿಆರ್ ಪರೀಕ್ಷೆಯಲ್ಲಿ ಪ್ರೈಮರ್ ಎಂಬ ಇಪ್ಪತ್ತರ ಆಸುಪಾಸಿನ ಅಕ್ಷರಗಳ ತುಣುಕು ವೈರಸ್ಸನ್ನು ಹುಡುಕುತ್ತದೆ. ನಾವು ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕುವಂತೆಯೇ. "ಲಕ್ಷ್ಮೀ" ಎಂದು ಹುಡುಕಿದರೆ "ಲಕ್ಷ್ಮಿ" ಸಿಗದೇ ಹೋಗಬಹುದು. ಪ್ರೈಮರಿನ ಕೊನೆಯ ಅಕ್ಷರಗಳು ಹೊಂದದಿದ್ದರೆ ಇಲ್ಲೂ ಹಾಗೇ. ಎರಡನೇ ಸಲ ಬೇರೆ ಪ್ರೈಮರ್ ಬಳಸುವ ಕಡೆ ಕಳಿಸಿದೆ, ಬೇರೆ ಎಲೆಗಳನ್ನೂ ಆರಿಸಿದೆ. ವೈರಸ್ ಇತ್ತು. ಮೊದಲನೆಯದು ತಪ್ಪಿದ್ದು ಪ್ರೈಮರಿನಿಂದಲೋ ಎಲೆಯಿಂದಲೋ ನಾನು ಆಣೆ ಮಾಡಿ ಹೇಳಲಾರೆ. ಆದರೆ "ಇಲ್ಲ" ಎಂಬ ರಿಪೋರ್ಟನ್ನು ಅಂದಿನಿಂದ ನಾನು ಹಾಗೇ ನಂಬುವುದಿಲ್ಲ.

ರಿಪೋರ್ಟ್ ಓದಿ ಹೇಳಿದಾಗ ಅವ್ವ ಕೇಳಿದ್ದು ಇಳುವರಿಯ ಮಾತಲ್ಲ. ಹಿಂದಿನ ವರ್ಷ ರಾಯಬಾಗದ ಚಿಕ್ಕಮ್ಮನಿಗೆ ಇದೇ ಹೊಲದ ಬೀಜದ ಕಬ್ಬು ಕೊಟ್ಟಿದ್ದಳು, ತಂಗಿ ಅಂತ ಪುಕ್ಕಟೆ. "ನಿನ್ನ ಕಂಪ್ಯೂಟರಿಗೆ ಕೇಳವಾ, ನನ್ನ ಹೊಲದಿಂದ ಆಕಿ ಹೊಲಕ್ಕ ಹೋಗೇತೇನು?" ಅಂದಳು.

ಹೇಳಲಾಗಲಿಲ್ಲ. ಎರಡೂ ಹೊಲದ ವೈರಸ್ಸಿನ ಅಕ್ಷರಗಳು ಒಂದೇ ಆಗಿದ್ದರೂ, ಇವರಿಬ್ಬರ ಮೂಲ ಒಂದು ಅನ್ನಬಹುದೇ ಹೊರತು ಯಾರಿಂದ ಯಾರಿಗೆ ಎಂದು ಅದು ಹೇಳುವುದಿಲ್ಲ. ಅವ್ವನ ಬೀಜವೂ ಇನ್ನೊಬ್ಬರ ಹೊಲದಿಂದ ಬಂದದ್ದೇ, ಮೇಲಾಗಿ ಹೇನಿಗೆ ಬದು ಗೊತ್ತಿಲ್ಲ. ಇಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ತಾನೇ ಚಿಕ್ಕಮ್ಮನಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಚಿಕ್ಕಮ್ಮ, "ಹೋದ ಮಳಿಗಾಲದಾಗ ಕಂಡಿತ್ತಕ್ಕಾ. ನಿನಗ ಬ್ಯಾಸರ ಆಗ್ತೈತಿ ಅಂತ ಹೇಳಿದ್ದಿಲ್ಲ" ಅಂದರು.

ಈ ರೋಗಕ್ಕೆ ಔಷಧಿ ಇಲ್ಲ. ಬೀಜದ ಕಬ್ಬನ್ನು ಬಿಸಿನೀರಿನಲ್ಲಿ ಅದ್ದುವ ಉಪಚಾರ ಬೇರೆ ಕೆಲವು ರೋಗಗಳಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ದಾರಿ ಎಂದರೆ ಕುಡಿಯ ತೀರಾ ತುದಿಯ ಅಂಗಾಂಶದಿಂದ ಬೆಳೆಸಿ, ಪರೀಕ್ಷೆ ಮಾಡಿದ ಟಿಶ್ಯೂ ಕಲ್ಚರ್ ಸಸಿ. ನಮ್ಮ ಪುಣೆಯ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್‌ನಲ್ಲಿ ಟಿಶ್ಯೂ ಕಲ್ಚರ್ ಕೆಲಸ ನಡೆಯುತ್ತದೆ, ಹೋಗಿ ಕೇಳಬಹುದು. ನೆಟ್ಟ ಮೇಲೆ ಹೇನಿನಿಂದ ಮತ್ತೆ ಸೋಂಕಬಹುದು, ಆದ್ದರಿಂದ ಬೀಜದ ಹೊಲವನ್ನು ಕೆಲವು ವರ್ಷಕ್ಕೊಮ್ಮೆ ಹೊಸದು ಮಾಡಲೇಬೇಕು.

ಅವ್ವ, ಚಿಕ್ಕಮ್ಮ ಸೇರಿ ಅರ್ಧ ಎಕರೆಗಾಗುವಷ್ಟು ಸಸಿಗೆ ಹಣ ಕಟ್ಟಿದ್ದಾರೆ. ಜುಲೈ ನಾಟಿಗೆ ನಾನೂ ರಜೆ ಹಾಕಿದ್ದೇನೆ. ನಿಮ್ಮ ತವರಿನ ಕಬ್ಬಿನ ನಡುನರ ಹಳದಿ ಕಂಡರೆ ಫೋಟೋ ಕಳಿಸಿ, ನೋಡೋಣ. ಈಗ ಪ್ರಶ್ನೆಗಳಿದ್ದರೆ ಕೇಳಿ. ಎಐ ಬಗ್ಗೆ ಬೇಕಾದರೂ ಕೇಳಬಹುದು.