ಅಕ್ಷರಗುಂಡಿನ ದಾರಿ



ಬರ್ಮಾ, ಥಾಯ್ಲೆಂಡಿನ ಬೌದ್ಧ ಪಗೋಡಗಳನ್ನು ನೋಡಿಬರಲು ಇಂದು ನಮ್ಮ ಊರುಗಳಿಂದಲೂ ಜನ ಹೊರಡುತ್ತಾರೆ. ಸಂತೋಷದ ಸಂಗತಿ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಚಳ್ಳಕೆರೆ ದಾಟಿ, ಶೇಂಗಾ ಹೊಲಗಳ ನಡುವೆ ಮೊಳಕಾಲ್ಮೂರು ಸೀಮೆಗೆ ಹೋದರೂ ಸಾಕು, ಬುದ್ಧನ ದಾರಿ ಹಿಡಿದ ದೊರೆಯೊಬ್ಬನ ಮಾತು ಅಲ್ಲಿ ಕಲ್ಲಿನಲ್ಲೇ ಸಿಗುತ್ತದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಈ ಮೂರು ಕಡೆ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಲಿನ ಜನ ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಬರಹವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಮಾತ್ರ ಚಪಡನೆಂಬ ಲಿಪಿಕಾರ, ವಾಯವ್ಯ ಗಡಿಯ ಖರೋಷ್ಠಿ ಲಿಪಿಯನ್ನೂ ಬಳಸಿ ಸಹಿ ಮಾಡಿದ್ದಾನೆ. ಎಷ್ಟು ದೂರದ ಕೈ ನಮ್ಮ ಕಲ್ಲನ್ನು ಮುಟ್ಟಿದೆ!

ಅಲ್ಲಿ ಕೊರೆದಿರುವುದೇನು? ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ, ಗುರುವನ್ನು ಗೌರವಿಸಿ. ಈ ಹಾದಿ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ದಕ್ಕುತ್ತದೆ ಎಂಬ ಭರವಸೆಯೂ ಜೊತೆಗಿದೆ.

ಹಿಂದಿನ ಅರಸರು ಬೇಟೆಗೆ, ವಿಹಾರಕ್ಕೆ ಹೊರಡುತ್ತಿದ್ದರು. ತಾನು ಅದನ್ನು ಬಿಟ್ಟು ಧರ್ಮಯಾತ್ರೆ ಕೈಗೊಂಡೆ ಎಂದು ಅಶೋಕ ಇನ್ನೊಂದು ಶಾಸನದಲ್ಲಿ ಹೇಳುತ್ತಾನೆ. ಆ ಯಾತ್ರೆಯಲ್ಲಿ ವೃದ್ಧರನ್ನು ಕಂಡು ದಾನ ಕೊಡುವುದು, ಹಳ್ಳಿಯ ಜನರನ್ನು ಭೇಟಿಯಾಗಿ ಧರ್ಮದ ಮಾತಾಡುವುದು ಮುಖ್ಯವಾಗಿತ್ತು.

ನಮ್ಮ ಪ್ರವಾಸಕ್ಕೂ ಇದೇ ಅಳತೆಗೋಲಾಗಲಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯೋಣ. ಫೋಟೋ ತೆಗೆದು ಹಿಂದಿರುಗುವ ಮೊದಲು ಆ ಊರಿನ ಹಿರಿಯರೊಬ್ಬರನ್ನು ಮಾತಾಡಿಸೋಣ.