ಗುಂಡಿಗೆ ಇಳಿಸಿದವನಿಗೆ ಗೊತ್ತಿರಲಿಲ್ಲವೆ?

ಮ್ಯಾನ್‌ಹೋಲಿಗೆ ಇಳಿದವರು ಸತ್ತರೆ ಪೇಪರಿನಲ್ಲಿ ಮೂರು ಸಾಲು ಬರುತ್ತೆ: 'ವಿಷಾನಿಲ ಸೇವಿಸಿ ಸಾವು.' ನಮ್ಮವರೇನು ಹಬ್ಬದೂಟ ಸೇವಿಸಿದರೆ? ಠಾಣೆಯಲ್ಲಿ ಬರೆದುಕೊಳ್ಳೋದು ಇನ್ನೊಂದು ಮಾತು: 'ನಿರ್ಲಕ್ಷ್ಯದಿಂದ ಸಾವು.' ಈ ನಿರ್ಲಕ್ಷ್ಯ ಅನ್ನೋ ಮಾತನ್ನ ಇವತ್ತು ನಾವು ಬಿಡಿಸಿ ನೋಡಬೇಕು.

1860ರ ದಂಡಸಂಹಿತೆಗೆ 1870ರಲ್ಲಿ 304ಎ ಸೇರಿತು. ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಜೀವ ತೆಗೆದರೆ ಹೆಚ್ಚೆಂದರೆ ಎರಡು ವರ್ಷ ಜೈಲು, ಇಲ್ಲವೆ ಬರೀ ದಂಡ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು. ಸಾಯದೆ ಗಾಯಗೊಂಡು ಉಳಿದರೆ 125ನೇ ಕಲಮು: ತೀವ್ರ ಗಾಯಕ್ಕೂ ಹೆಚ್ಚೆಂದರೆ ಮೂರು ವರ್ಷ.

ಗಾಡಿ ಹೊಡೆಯುವವನು ಮೈಮರೆತು ಗುದ್ದಿದರೆ ಅದು ನಿರ್ಲಕ್ಷ್ಯ, ಒಪ್ಪೋಣ. ಆದರೆ ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತೆ ಅಂತ ಗುತ್ತಿಗೆದಾರನಿಗೆ ಗೊತ್ತಿಲ್ವ? ಮೊದಲು ಕೊಳೆತ ಮೊಟ್ಟೆಯ ವಾಸನೆ. ಅನಿಲ ಹೆಚ್ಚಾದರೆ ಆ ವಾಸನೆಯೂ ಮೂಗಿಗೆ ತಿಳಿಯದು. ಬಿದ್ದವನನ್ನ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಬೀಳ್ತಾನೆ. ಇದು ಎಂಜಿನಿಯರಿಗೂ ಗೊತ್ತು. ಗೊತ್ತಿರೋದಕ್ಕೇ ಅವರು ಇಳಿಯೋದಿಲ್ಲ, ತಮ್ಮ ಮಕ್ಕಳನ್ನ ಇಳಿಸೋದಿಲ್ಲ. ನಮ್ಮ ಕೇರಿಯವರನ್ನ ಕರೀತಾರೆ. ಕರೆಯುವಾಗ ಜಾತಿ ಜ್ಞಾಪಕ ಇರುತ್ತೆ, ಕೇಸಾದಾಗ ಎಲ್ಲ ಮರೆತುಹೋಗುತ್ತೆ.

ಗೊತ್ತಿದ್ದು ಮಾಡಿದ್ದಕ್ಕೆ ಬೇರೆ ಕಲಮಿದೆ. ಸಾವು ಬರುವ ಸಂಭವ ತಿಳಿದೂ ಮಾಡಿದ ಕೃತ್ಯಕ್ಕೆ 105ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಜೈಲು. ರಕ್ಷಣಾ ಸಾಧನ ಕೊಡದೆ ಒಳಚರಂಡಿಗೆ ಇಳಿಸುವುದನ್ನೇ 2013ರ ಕಾಯ್ದೆ ಅಪರಾಧ ಎಂದಿದೆ. ಯಾರೂ ಸಾಯಬೇಕಿಲ್ಲ, ಇಳಿಸಿದರೆ ಸಾಕು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಿ ಎಂದಿತು. ಅದು ನಮ್ಮ ಹಕ್ಕು, ಭಿಕ್ಷೆಯಲ್ಲ. ಆದರೆ ಚೆಕ್ಕು ತೋರಿಸಿ ಕೇಸು ಮುಚ್ಚೋದಕ್ಕೆ ನಾವು ಬಿಡಬಾರದು.

ಹಾಸ್ಟೆಲಿನ ಗೆಳೆಯರೆ, ನಾವು ನಾಲ್ಕಕ್ಷರ ಕಲಿತವರು. ಇಂಥ ಸಾವಾದ ದಿನ ಆ ಮನೆಯವರ ಜೊತೆ ಠಾಣೆಗೆ ಹೋಗೋಣ. ದೂರು ಕೊಟ್ಟವರಿಗೆ ಎಫ್‌ಐಆರ್ ನಕಲು ಪುಕ್ಕಟೆ ಸಿಗಬೇಕು, ಇಸಕೊಂಡು ಓದೋಣ. ಬರೀ 106 ಇದ್ದರೆ 105 ಯಾಕಿಲ್ಲ, 2013ರ ಕಾಯ್ದೆ ಯಾಕಿಲ್ಲ, ದೌರ್ಜನ್ಯ ತಡೆ ಕಾಯ್ದೆ ಯಾಕಿಲ್ಲ ಅಂತ ಅಲ್ಲೇ ಕೇಳೋಣ. ಬಾಯಲ್ಲಿ ಕೇಳಿದರೆ ಸಾಲದು. ಅರ್ಜಿ ಬರೆದು ಕೊಟ್ಟು, ಸೀಲು ಹಾಕಿಸಿಕೊಂಡೇ ಎದ್ದು ಬರೋಣ.